ರೇಸಿಂಗ್ ಪೆಟ್ರೋಲ್‌ಗೆ ಇಗ್ನಿಷನ್ ಟೈಮಿಂಗ್ ಹೊಂದಿಸುವುದು ಹೇಗೆ?

100 ಆಕ್ಟೇನ್ ಪೆಟ್ರೋಲ್ ಹಾಕಿಸಿದ ಕೂಡಲೇ ಎಂಜಿನ್ನಿಗೆ ಪವರ್ ಬರುವುದಿಲ್ಲ. ಹೆಚ್ಚಿನ ಆಕ್ಟೇನ್ ಮಾಡುವುದು ಒಂದೇ ಕೆಲಸ. ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗುವ ಗಡಿಯನ್ನು ಅದು ದೂರ ತಳ್ಳುತ್ತದೆ. ಹಾಗೆ ಸಿಕ್ಕ ಜಾಗದಲ್ಲಿ ಸ್ಪಾರ್ಕನ್ನು ಎಷ್ಟು ಮುಂಚೆ ತರಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಾವೇ ಅಳೆದು ತೀರ್ಮಾನಿಸಬೇಕು. ಟೈಮಿಂಗ್ ಮುಟ್ಟದೆ ಬರೀ ಪೆಟ್ರೋಲ್ ಬದಲಿಸಿದರೆ ದುಡ್ಡು ದಂಡ. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಅಳೆಯದೆ ಸುಮ್ನೆ ತಿರುಗಿಸಿದರೆ ಪಿಸ್ಟನ್ ದಂಡ.

ಉದಾಹರಣೆಗೆ ಮಾರುತಿಯ ಹಳೆಯ 1.3 ಲೀಟರ್ ಕಾರ್ಬುರೇಟರ್ ಎಂಜಿನ್ನನ್ನೇ ಇಟ್ಟುಕೊಳ್ಳೋಣ. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ., ಒಟ್ಟು 1298 ಸಿಸಿ. ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್‌ನಲ್ಲಿ ಬಂದದ್ದು ಇದೇ ಕುಟುಂಬದ ಎಂಜಿನ್. ಎಲ್‌ಜಿಬಿ ಫಾರ್ಮುಲಾ 4 ರೇಸ್ ಕಾರುಗಳಲ್ಲೂ ಎಸ್ಟೀಮ್ ಎಂಜಿನ್ ಇದೆ. ನಮ್ಮ ಕಡೆ ರ‍್ಯಾಲಿ, ಆಟೋಕ್ರಾಸ್ ಶುರು ಮಾಡುವವರ ಕೈಗೆ ಸುಲಭವಾಗಿ ಸಿಗುವುದೂ ಇದೇ. ಟೈಮಿಂಗ್ ಕಲಿಯಲು ಡಿಸ್ಟ್ರಿಬ್ಯೂಟರ್ ಇರುವ ಇಂಥ ಎಂಜಿನ್ನೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಏನು ಬದಲಾಯಿಸಿದಿರಿ ಅನ್ನುವುದು ಕಣ್ಣಿಗೆ ಕಾಣುತ್ತದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಗಾಡಿಗಳಿಗೆ ಬೇಕಾದದ್ದನ್ನು ಕೊನೆಯಲ್ಲಿ ಹೇಳಿದ್ದೇನೆ.

ಒಳಗೆ ನಡೆಯುವುದೇನು?

ಸ್ಪಾರ್ಕ್ ಬಿದ್ದ ತಕ್ಷಣ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉರಿ ಹರಡಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ. 6000 ಆರ್‌ಪಿಎಂನಲ್ಲಿ ಅದು ಒಂದು ಮಿಲಿಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ. ಅದಕ್ಕೇ ಪಿಸ್ಟನ್ ಮೇಲಿನ ತುದಿಗೆ, ಅಂದರೆ ಟಿಡಿಸಿಗೆ, ಬರುವ ಮೊದಲೇ ಸ್ಪಾರ್ಕ್ ಕೊಡುತ್ತೇವೆ. ಹೀಗೆ ಎಷ್ಟು ಡಿಗ್ರಿ ಮುಂಚೆ ಕೊಡುತ್ತೇವೋ ಅದೇ ಅಡ್ವಾನ್ಸ್. ಒತ್ತಡ ತನ್ನ ಗರಿಷ್ಠ ಮಟ್ಟ ಮುಟ್ಟಬೇಕಾದ್ದು ಟಿಡಿಸಿ ದಾಟಿ ಸುಮಾರು 15 ಡಿಗ್ರಿ ಆದಾಗ. ಉಯ್ಯಾಲೆ ಇನ್ನೂ ನಿಮ್ಮ ಕಡೆಗೆ ಬರುತ್ತಿರುವಾಗಲೇ ತಳ್ಳಿದರೆ ಕೈ ನೋಯುತ್ತದೆ, ಉಯ್ಯಾಲೆಯೂ ನಿಧಾನವಾಗುತ್ತದೆ. ಸ್ಪಾರ್ಕ್ ತೀರಾ ಬೇಗ ಬಿದ್ದರೆ ಆಗುವುದೂ ಅದೇ. ಮೇಲೆ ಬರುತ್ತಿರುವ ಪಿಸ್ಟನ್ನನ್ನು ಒತ್ತಡ ಕೆಳಗೆ ತಳ್ಳುತ್ತದೆ.

ಇಲ್ಲಿ ಎರಡು ಗಡಿಗಳಿವೆ. ಒಂದು, ಅತಿ ಹೆಚ್ಚು ಟಾರ್ಕ್ ಕೊಡುವ ಅತಿ ಕಡಿಮೆ ಅಡ್ವಾನ್ಸ್. ಟ್ಯೂನರ್‌ಗಳು ಇದನ್ನು ಎಂಬಿಟಿ ಅನ್ನುತ್ತಾರೆ. ಇನ್ನೊಂದು ನಾಕಿಂಗ್ ಗಡಿ. ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದೇ ನಾಕಿಂಗ್. ಕಂಪ್ರೆಶನ್ ಏರಿಸಿದ ಎಂಜಿನ್ನಿನಲ್ಲಿ ಮಾಮೂಲಿ ಪೆಟ್ರೋಲ್ ಹಾಕಿದರೆ ಎಂಬಿಟಿ ಮುಟ್ಟುವ ಮೊದಲೇ ನಾಕ್ ಬರುತ್ತದೆ. ಅಂಥ ಎಂಜಿನ್ನಿಗೆ ರೇಸಿಂಗ್ ಪೆಟ್ರೋಲ್‌ನಿಂದ ನಿಜವಾದ ಲಾಭ ಇದೆ. ಹೆಡ್ ಫೇಸಿಂಗ್ (ಕಂಪ್ರೆಶನ್ ಏರಿಸಲು ಹೆಡ್ಡಿನ ಅಡಿಭಾಗ ಸವೆಸುವುದು) ಮಾಡಿಸದ, ಸ್ಟಾಕ್ ಕಂಪ್ರೆಶನ್ನಿನ ಎಂಜಿನ್ ಎಷ್ಟೋ ಸಲ ಈಗಾಗಲೇ ಎಂಬಿಟಿ ಹತ್ತಿರ ಇರುತ್ತದೆ. ಅದಕ್ಕೆ ಇನ್ನೂ ಅಡ್ವಾನ್ಸ್ ಕೊಟ್ಟರೆ ನಾಕ್ ಬಾರದೇ ಇರಬಹುದು, ಆದರೆ ಪವರ್ ಇಳಿಯುತ್ತದೆ. "ನಾಕ್ ಬರುವ ತನಕ ಏರಿಸು, ಆಮೇಲೆ ಎರಡು ಡಿಗ್ರಿ ಇಳಿಸು" ಅನ್ನುವ ಹಳೇ ಗ್ಯಾರೇಜ್ ಲೆಕ್ಕ ರೇಸಿಂಗ್ ಪೆಟ್ರೋಲ್‌ನಲ್ಲಿ ದಾರಿ ತಪ್ಪಿಸುವುದು ಇದಕ್ಕೇ. ನಾಕ್ ಕೇಳಿಸುವ ಹೊತ್ತಿಗೆ ನೀವು ಎಂಬಿಟಿ ದಾಟಿ ಎಷ್ಟೋ ದೂರ ಹೋಗಿರುತ್ತೀರಿ.

ಮೊದಲು ಪೆಟ್ರೋಲ್ ಏನೆಂದು ತಿಳಿಯಿರಿ

ಭಾರತದ ಪಂಪ್‌ಗಳಲ್ಲಿ ಹೇಳುವ ಸಂಖ್ಯೆ ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್). ಅಮೆರಿಕದ ಪಂಪ್ ಮೇಲೆ ಬರೆಯುವುದು ಆರ್‌ಒಎನ್ ಮತ್ತು ಎಂಒಎನ್ (ಮೋಟರ್ ಆಕ್ಟೇನ್ ನಂಬರ್) ಎರಡರ ಸರಾಸರಿ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95, 96 ಆಗುತ್ತದೆ. ಅಮೆರಿಕದ ವಿಡಿಯೋ ನೋಡಿ ಅಲ್ಲಿನ ಟೈಮಿಂಗ್ ಅಂಕಿಗಳನ್ನು ಇಲ್ಲಿ ಹಾಗೇ ಹಾಕಬೇಡಿ. ಅಲ್ಲಿ 100 ಅಂದದ್ದು ನಮ್ಮ 100 ಅಲ್ಲ.

ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ತಂದ ಮೇಲೆ 100 ಆಕ್ಟೇನ್ ಪೆಟ್ರೋಲ್ ಬೆಂಗಳೂರಿನಂಥ ಊರುಗಳಲ್ಲಿ ಪಂಪ್‌ನಲ್ಲೇ ಸಿಗುವಂತಾಯಿತು. ಹಿಂದುಸ್ತಾನ್ ಪೆಟ್ರೋಲಿಯಂನ 99 ಆಕ್ಟೇನ್ ಪವರ್99 ಅದಕ್ಕೂ ಮೊದಲೇ ಇತ್ತು. ಇದಕ್ಕೂ ಮೇಲಿನದು ಡ್ರಮ್‌ನಲ್ಲಿ ಬರುವ ಆಮದು ರೇಸ್ ಫ್ಯೂಯಲ್. ಅವುಗಳಲ್ಲಿ ಕೆಲವಕ್ಕೆ ಸೀಸ ಸೇರಿಸಿರುತ್ತಾರೆ. ಸೀಸ ಇದ್ದರೆ ಆಕ್ಸಿಜನ್ ಸೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಹಾಳಾಗುತ್ತವೆ. ಡಬ್ಬದ ಮೇಲಿನ ಡೇಟಾ ಶೀಟ್ ಓದದೆ ಸುರಿಯಬೇಡಿ. ವಿಮಾನದ ಪೆಟ್ರೋಲ್ ತಂದುಕೊಡುತ್ತೇವೆ ಅನ್ನುವವರ ಸಹವಾಸವೇ ಬೇಡ. ಆಕ್ಟೇನ್ ಬೂಸ್ಟರ್ ಬಾಟಲಿ ಮೇಲೆ "30 ಪಾಯಿಂಟ್ ಏರಿಕೆ" ಅಂತ ಇದ್ದರೆ ಅದು 3 ಆಕ್ಟೇನ್ ಮಾತ್ರ. ಅವರ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ 0.1 ಆಕ್ಟೇನ್. ಟೈಮಿಂಗ್ ಇಡಲು ಅದನ್ನು ನಂಬುವ ಹಾಗಿಲ್ಲ.

ಎಥನಾಲ್ ವಿಷಯಕ್ಕೆ ಜಾಸ್ತಿ ಗಮನ ಬೇಕು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು. ಶೇಕಡಾ 20 ಎಥನಾಲ್ ಬೆರೆಸಿದ ಇ20ಗೆ ಸುಮಾರು 13.5 ಕೆ.ಜಿ. ಸಾಕು. ಇ20ಗೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಹೊಂದಿಸಿದ ಕಾರ್ಬುರೇಟರ್‌ಗೆ ಎಥನಾಲ್ ಇಲ್ಲದ 100 ಆಕ್ಟೇನ್ ಹಾಕಿದರೆ ಮಿಶ್ರಣ ಶೇಕಡಾ 8ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಗಾಡಿ ಮಂಕಾದಂತೆ ಅನಿಸುತ್ತದೆ. ಅದನ್ನು ಟೈಮಿಂಗ್ ಕಡಿಮೆಯಾಗಿದೆ ಅಂದುಕೊಂಡು ಅಡ್ವಾನ್ಸ್ ಕೊಡುವವರಿದ್ದಾರೆ. ತಪ್ಪು ಇರುವುದು ಜೆಟ್‌ನಲ್ಲಿ. ಎಥನಾಲ್ ಇದೆಯೋ ಇಲ್ಲವೋ ನೋಡಲು ಗುರುತುಗಳಿರುವ ಉದ್ದ ಗಾಜಿನ ಜಾಡಿ ಸಾಕು. 10 ಮಿಲಿ ನೀರಿಗೆ 100 ಮಿಲಿ ಪೆಟ್ರೋಲ್ ಸೇರಿಸಿ, ಕುಲುಕಿ, ಹತ್ತು ನಿಮಿಷ ಬಿಡಿ. ಕೆಳಗಿನ ನೀರಿನ ಪದರ 10 ಮಿಲಿಯಲ್ಲೇ ಇದ್ದರೆ ಎಥನಾಲ್ ಇಲ್ಲ. ಹೆಚ್ಚಿದ್ದರೆ, ಆ ಹೆಚ್ಚಿದ್ದು ಎಥನಾಲ್.

ರೇಸ್‌ಗೆ ಹೋಗುವವರು ನಿಮ್ಮ ಕ್ಲಾಸ್‌ನ ನಿಯಮ ಪುಸ್ತಕವನ್ನೂ ನೋಡಿ. ಯಾವ ಪೆಟ್ರೋಲ್ ಹಾಕಬಹುದು ಅನ್ನುವುದು ಅಲ್ಲಿ ಬರೆದಿರುತ್ತದೆ.

ಶುರು ಮಾಡುವ ಮೊದಲು

ಬೇಕಾದದ್ದು: ಇಂಡಕ್ಟಿವ್ ಟೈಮಿಂಗ್ ಲೈಟ್, ಪಿಸ್ಟನ್ ಸ್ಟಾಪ್ (ಪ್ಲಗ್ ತೂತಿಗೆ ಹಾಕಿ ಪಿಸ್ಟನ್ ತಡೆಯುವ ತುಂಡು), ಬಿಳಿ ಪೇಂಟ್, ಹೊಸ ಪ್ಲಗ್‌ಗಳ ಒಂದು ಸೆಟ್, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್, ಬರೆದುಕೊಳ್ಳಲು ಒಂದು ಪುಸ್ತಕ. ಎಂಜಿನ್ನಿನ ಟಾರ್ಕ್ ಅಳೆಯುವ ಡೈನೋ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಈ ಕೆಲಸ ಬೇಡವೇ ಬೇಡ. ಶೆಡ್‌ನ ಬಾಗಿಲು ತೆರೆದಿರಲಿ, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಲಿ. ಸಡಿಲ ತೋಳಿನ ಅಂಗಿ ಹಾಕಿಕೊಂಡು ಬೆಲ್ಟ್, ಫ್ಯಾನ್ ಹತ್ತಿರ ಬಗ್ಗಬೇಡಿ. ಟೈಮಿಂಗ್ ಲೈಟ್ ಬೆಳಕಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ, ಕೈ ಹಾಕುವ ಅಪಾಯ ನಿಜವಾಗಿಯೂ ಇದೆ.

ಎಂಜಿನ್ ಆರೋಗ್ಯವಾಗಿದೆಯೇ ನೋಡಿಕೊಳ್ಳಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಶನ್ ಒಂದೇ ಮಟ್ಟದಲ್ಲಿರಬೇಕು. ಕೂಲಂಟ್ ಸೋರಬಾರದು. ಹಳೆಯ ಪೆಟ್ರೋಲನ್ನು ಟ್ಯಾಂಕ್‌ನಿಂದಲೂ ಕಾರ್ಬುರೇಟರ್ ಬೌಲ್‌ನಿಂದಲೂ ಪೂರ್ತಿ ಇಳಿಸಿ ಹೊಸದು ಹಾಕಿ. ಅರ್ಧ ಟ್ಯಾಂಕ್ ಹಳೆಯದಕ್ಕೆ ಅರ್ಧ ಟ್ಯಾಂಕ್ 100 ಬೆರೆಸಿದರೆ ಕೈಯಲ್ಲಿರುವ ಆಕ್ಟೇನ್ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪ್ಲಗ್ ಒಂದು ಹೆಜ್ಜೆ ತಣ್ಣಗಿನದು (ಬಿಸಿಯನ್ನು ಬೇಗ ಹೊರಗೆ ಸಾಗಿಸುವಂಥದ್ದು) ಹಾಕುವುದು ಒಳ್ಳೆಯದು. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ 6 ಇದ್ದರೆ 7. ಬಾಷ್‌ನಲ್ಲಿ ಇದು ತಿರುಗುಮುರುಗು.

ಹಂತ 1: ನಿಜವಾದ ಟಿಡಿಸಿ ಹುಡುಕಿ

ಈ ಹಂತವನ್ನು ಬಿಡುವವರೇ ಜಾಸ್ತಿ. ಉಳಿದೆಲ್ಲವೂ ನಿಂತಿರುವುದು ಇದರ ಮೇಲೆ. ರಬ್ಬರ್ ಪದರವಿರುವ ಕ್ರ್ಯಾಂಕ್ ಪುಲ್ಲಿಯಾದರೆ ವರ್ಷಗಳು ಕಳೆದ ಮೇಲೆ ಹೊರಗಿನ ಉಂಗುರ ಜಾರಿರಬಹುದು. ಆಗ ಕಂಪನಿಯ ಗುರುತು ನಾಲ್ಕೈದು ಡಿಗ್ರಿ ಸುಳ್ಳು ಹೇಳುತ್ತದೆ. ನೀವು 30 ಅಂದುಕೊಂಡದ್ದು ನಿಜಕ್ಕೂ 35 ಆಗಿರುತ್ತದೆ.

ಬ್ಯಾಟರಿ ಬಿಚ್ಚಿ. ನಾಲ್ಕೂ ಪ್ಲಗ್ ತೆಗೆಯಿರಿ. ಟೈಮಿಂಗ್ ಬೆಲ್ಟ್ ಕಡೆಯಿಂದ ಮೊದಲನೆಯದು ಒಂದನೇ ಸಿಲಿಂಡರ್. ಅದರ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ. ರ‍್ಯಾಚೆಟ್ ಹಿಡಿದು ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿದ ಕಡೆ ಪುಲ್ಲಿ ಮೇಲೆ ಗುರುತು ಹಾಕಿ. ಈಗ ಉಲ್ಟಾ ತಿರುಗಿಸಿ, ಮತ್ತೆ ತಾಗಿದ ಕಡೆ ಇನ್ನೊಂದು ಗುರುತು. ಎರಡರ ಸರಿಯಾದ ಮಧ್ಯ ನಿಜವಾದ ಟಿಡಿಸಿ. ಸ್ಟಾರ್ಟರ್ ಮೋಟರ್ ಮುಟ್ಟಬೇಡಿ. ವಾಲ್ವ್‌ಗೆ ಸ್ಟಾಪ್ ತಾಗಿದಂತೆ ಅನಿಸಿದರೆ ಒತ್ತಾಯ ಮಾಡದೆ ನಿಲ್ಲಿಸಿ.

ಆಮೇಲೆ ಪುಲ್ಲಿಯ ವ್ಯಾಸ ಅಳೆದು 3.14ರಿಂದ ಗುಣಿಸಿ, 360ರಿಂದ ಭಾಗಿಸಿ. 140 ಮಿ.ಮೀ. ಪುಲ್ಲಿಯಾದರೆ ಒಂದು ಡಿಗ್ರಿಗೆ 1.22 ಮಿ.ಮೀ., ಹತ್ತು ಡಿಗ್ರಿಗೆ 12.2 ಮಿ.ಮೀ. ಟಿಡಿಸಿಯಿಂದ 10, 20, 30, 35 ಡಿಗ್ರಿಗಳಿಗೆ ತೆಳ್ಳಗೆ ಬಿಳಿ ಗೆರೆ ಎಳೆಯಿರಿ. ಲೈಟಿನ ಹಿಂದೆ ಡಿಗ್ರಿ ತಿರುಗಿಸುವ ಡಯಲ್ ಇದ್ದರೂ ನನಗೆ ಈ ಗೆರೆಗಳ ಮೇಲೇ ಹೆಚ್ಚು ನಂಬಿಕೆ. ಮಲ್ಟಿ ಸ್ಪಾರ್ಕ್ ಇಗ್ನಿಷನ್ ಇರುವ ಗಾಡಿಗಳಲ್ಲಿ ಡಯಲ್ ತಪ್ಪು ತೋರಿಸುವುದುಂಟು.

ಹಂತ 2: ಈಗ ಇರುವ ಟೈಮಿಂಗ್ ಬರೆದುಕೊಳ್ಳಿ

ಪಿಸ್ಟನ್ ಸ್ಟಾಪ್ ತೆಗೆದು, ಪ್ಲಗ್ ಮತ್ತು ಬ್ಯಾಟರಿ ವಾಪಸ್ ಹಾಕಿ. ಎಂಜಿನ್ ಪೂರ್ತಿ ಬಿಸಿಯಾಗಲಿ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ತೆಗೆದು ಅದರ ಬಾಯಿ ಮುಚ್ಚಿ. ಟೈಮಿಂಗ್ ಲೈಟಿನ ಕ್ಲಾಂಪನ್ನು ಒಂದನೇ ಪ್ಲಗ್ ವೈರ್‌ಗೆ ಹಾಕಿ, ಐಡಲ್‌ನಲ್ಲಿ ಓದಿ. ಇದು ಬೇಸ್ ಟೈಮಿಂಗ್. ಈಗ ನ್ಯೂಟ್ರಲ್‌ನಲ್ಲೇ ಆರ್‌ಪಿಎಂ ನಿಧಾನವಾಗಿ ಏರಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಹೊರಗೆ ಹಾರಿದಂತೆ ಗುರುತು ಓಡುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ನಿಲ್ಲುತ್ತದೆ. ನಿಂತಾಗಿನ ಅಂಕಿ ಟೋಟಲ್ ಟೈಮಿಂಗ್. ಯಾವ ಆರ್‌ಪಿಎಂನಲ್ಲಿ ನಿಂತಿತು ಅನ್ನುವುದನ್ನೂ ಬರೆಯಿರಿ.

ರೇಸ್‌ನಲ್ಲಿ ಮುಖ್ಯವಾದದ್ದು ಟೋಟಲ್. ಬೇಸ್ 10, ತೂಕಗಳದ್ದು 20 ಆದರೆ ಟೋಟಲ್ 30. ಬೇಸ್ ಅನ್ನು 14ಕ್ಕೆ ಏರಿಸಿದರೆ ಟೋಟಲ್ ತಾನಾಗಿ 34 ಆಗುತ್ತದೆ. ಐಡಲ್‌ನಲ್ಲಿ ಮಾತ್ರ ನೋಡಿ "ನಾಲ್ಕೇ ಡಿಗ್ರಿ ಅಲ್ವಾ" ಅಂದುಕೊಂಡವರಿಗೆ ಮೇಲೆ ಏನಾಗುತ್ತಿದೆ ಅಂತ ಕಾಣಿಸುವುದಿಲ್ಲ. ಇನ್ನೊಂದು ವಿಷಯ: ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅದರ ಬಾಡಿಯನ್ನು 1 ಡಿಗ್ರಿ ತಿರುಗಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್, ಅಂದರೆ ಸ್ಪಾರ್ಕ್ ತಡ.

ಹಂತ 3: ಹೊಸ ಪೆಟ್ರೋಲ್, ಹಳೆಯ ಟೈಮಿಂಗ್

ಮೊದಲ ಓಟ ಹಳೆಯ ಟೈಮಿಂಗ್‌ನಲ್ಲೇ ಆಗಲಿ. ವೈಡ್‌ಬ್ಯಾಂಡ್ ನೋಡಿಕೊಂಡು ಮೇನ್ ಜೆಟ್ ಸರಿ ಮಾಡಿ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 12.8ರಿಂದ 13ರ ಆಸುಪಾಸು ಇರಲಿ. ಎಥನಾಲ್ ಇದ್ದರೆ ಈ ಅಂಕಿ ಬದಲಾಗುತ್ತದೆ, ಹಾಗಾಗಿ ಮೀಟರನ್ನು ಲ್ಯಾಂಬ್ಡಾದಲ್ಲಿಟ್ಟು (ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಅದು 1) 0.88ರ ಸುತ್ತ ನೋಡುವುದೇ ನೆಮ್ಮದಿ. ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಇದ್ದಾಗ ಟೈಮಿಂಗ್ ಮುಟ್ಟಬಾರದು. ಜೆಟ್ ಸರಿಯಾದ ಮೇಲೆ ಸಿಗುವ ಟಾರ್ಕ್ ನಿಮ್ಮ ಮೊದಲ ಅಂಕಿ.

ಹಂತ 4: ಎರಡೆರಡು ಡಿಗ್ರಿ

ಇನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೋಟಲ್ ಅನ್ನು 2 ಡಿಗ್ರಿ ಏರಿಸಿ. ಅದರ ಬೋಲ್ಟ್ ಬಿಗಿ ಮಾಡಿ, ಲೈಟ್ ಹಿಡಿದು ಮತ್ತೆ ನೋಡಿ, ಯಾಕೆಂದರೆ ಬಿಗಿಯುವಾಗ ಡಿಸ್ಟ್ರಿಬ್ಯೂಟರ್ ಸ್ವಲ್ಪ ಸರಿಯುತ್ತದೆ. ಅದೇ ಗೇರ್, ಅದೇ ಆರಂಭದ ಆರ್‌ಪಿಎಂ, ಅದೇ ಕೂಲಂಟ್ ಬಿಸಿ ಇರುವಂತೆ ನೋಡಿಕೊಂಡು ಒಂದು ಫುಲ್ ಥ್ರಾಟಲ್ ಪುಲ್. ಟಾರ್ಕ್ ಬರೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿ.

ಅಂಕಿಗಳು ಹೀಗೆ ಬಂದವು ಎಂದುಕೊಳ್ಳಿ: 26 ಡಿಗ್ರಿಗೆ 100 ನ್ಯೂಟನ್ ಮೀಟರ್, 28ಕ್ಕೆ 102.5, 30ಕ್ಕೆ 103.5, 32ಕ್ಕೆ ಮತ್ತೆ 103.5. ಇಲ್ಲಿ ಎಂಬಿಟಿ 30. 32ರಲ್ಲಿ ನಾಕ್ ಇಲ್ಲ ಅಂತ ಅಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ. ಟಾರ್ಕ್ ಬಾರದೆ ಒತ್ತಡ, ಬಿಸಿ ಮಾತ್ರ ಏರಿದೆ. ನಾನಾದರೆ 29ಕ್ಕೆ ಇಟ್ಟು ಮುಂದೆ ಹೋಗುತ್ತೇನೆ. ಬಿಸಿಲಲ್ಲಿ ಹತ್ತು ಲ್ಯಾಪ್ ಓಡುವ ಎಂಜಿನ್ನಿಗೆ ಆ ಒಂದು ಡಿಗ್ರಿ ಉಸಿರಾಡುವ ಜಾಗ. ಸಿಲಿಂಡರ್‌ಗೆ ನಾಲ್ಕು ವಾಲ್ವ್ ಇರುವ ಹೆಡ್‌ಗಳು ಸಾಮಾನ್ಯವಾಗಿ 30ರ ಆಸುಪಾಸು ತೃಪ್ತಿಪಡುತ್ತವೆ. ಹಳೆಯ ಎರಡು ವಾಲ್ವ್ ಹೆಡ್‌ಗಳಲ್ಲಿ ಉರಿ ನಿಧಾನ, ಅವು 35ರ ತನಕ ಕೇಳಬಹುದು. ಇವು ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ದಿಕ್ಕು ಮಾತ್ರ, ನೇರವಾಗಿ ಇಡುವ ಅಂಕಿಗಳಲ್ಲ.

ನಾಕ್ ಕೇಳಲು ಬರೀ ಕಿವಿ ಸಾಲದು. ತೆರೆದ ಎಕ್ಸಾಸ್ಟ್ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ತಾಮ್ರದ ಪೈಪ್ ತುಂಡಿನ ಒಂದು ತುದಿ ಚಪ್ಪಟೆ ಮಾಡಿ, ತೂತು ಕೊರೆದು, ಎಂಜಿನ್ ಬ್ಲಾಕಿನ ಒಂದು ಬೋಲ್ಟಿಗೆ ಬಿಗಿಯಿರಿ. ಇನ್ನೊಂದು ತುದಿಗೆ ಉದ್ದ ರಬ್ಬರ್ ಪೈಪ್ ಸಿಕ್ಕಿಸಿ ಕಿವಿ ಮುಚ್ಚುವ ಮಫ್‌ಗೆ ಸೇರಿಸಿ. ನಾಕ್ ಆದಾಗ ಒಣ ಕಡ್ಡಿ ಮುರಿದಂಥ ಚಟಚಟ ಸ್ಪಷ್ಟವಾಗಿ ಕೇಳುತ್ತದೆ. ಎಲೆಕ್ಟ್ರಾನಿಕ್ ನಾಕ್ ಮೀಟರ್ ಇದ್ದರೆ 74 ಮಿ.ಮೀ. ಬೋರ್‌ಗೆ 7.7 ಕಿಲೋಹರ್ಟ್ಸ್ ಸುತ್ತ ಹೊಂದಿಸಿ. ಸದ್ದು ಬಂದರೆ ತಕ್ಷಣ ಥ್ರಾಟಲ್ ಬಿಡಿ, 3 ಡಿಗ್ರಿ ಇಳಿಸಿ.

ಹಂತ 5: ಪ್ಲಗ್ ಏನು ಹೇಳುತ್ತದೆ?

ಹೊಸ ಪ್ಲಗ್ ಹಾಕಿ ಒಂದು ಫುಲ್ ಥ್ರಾಟಲ್ ಓಟ ಮುಗಿಸಿ, ಕ್ಲಚ್ ಒತ್ತಿ ಎಂಜಿನ್ ಆಫ್ ಮಾಡಿ. ಐಡಲ್ ಮಾಡುತ್ತಾ ಪಿಟ್‌ಗೆ ಬಂದರೆ ಓದಲು ಏನೂ ಉಳಿಯುವುದಿಲ್ಲ. ಪ್ಲಗ್‌ನ ಬಗ್ಗಿದ ಕೊಂಡಿಯ ಮೇಲೆ ಬಿಸಿಗೆ ಬಣ್ಣ ಬದಲಾದ ಒಂದು ಗೆರೆ ಇರುತ್ತದೆ. ಲೆನ್ಸ್ ಹಿಡಿದು ನೋಡಿ. ಗೆರೆ ಕೊಂಡಿಯ ಬಾಗಿನ ಹತ್ತಿರ ಇದ್ದರೆ ಟೈಮಿಂಗ್ ಹೆಚ್ಚುಕಡಿಮೆ ಸರಿ. ತುದಿಯ ಕಡೆ ಇದ್ದರೆ ಇನ್ನೂ ಅಡ್ವಾನ್ಸ್‌ಗೆ ಜಾಗ ಇದೆ. ಬುಡದ ಥ್ರೆಡ್ ಕಡೆ ಇಳಿದಿದ್ದರೆ ಜಾಸ್ತಿಯಾಗಿದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಕಂಡರೆ ನಾಕಿಂಗ್ ಶುರುವಾಗಿದೆ. ಹೊಳೆಯುವ ಸಣ್ಣ ಬೆಳ್ಳಿ ಕಾಳು ಕಂಡರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ.

ನಾಲ್ಕೂ ಪ್ಲಗ್ ನೋಡಿ. ಒಂದು ಸಿಲಿಂಡರ್ ಮಾತ್ರ ಲೀನ್ ಓಡುತ್ತಿದ್ದರೆ ಟೈಮಿಂಗ್ ಇಡಬೇಕಾದ್ದು ಅದಕ್ಕೆ ತಕ್ಕಂತೆ.

ಬೆಂಗಳೂರಿನಲ್ಲಿ ಇಟ್ಟ ಟೈಮಿಂಗ್ ಚೆನ್ನೈಗೆ ಆಗುವುದಿಲ್ಲ

ಕರ್ನಾಟಕದ ರೇಸರ್‌ಗಳು ಈ ಭಾಗವನ್ನು ಎರಡು ಸಲ ಓದಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇಕಡಾ 10ರಷ್ಟು ಕಡಿಮೆ. ಸಿಲಿಂಡರ್ ಒಳಗೆ ಹೋಗುವ ಗಾಳಿ ಕಡಿಮೆ, ಒತ್ತಡ ಕಡಿಮೆ, ನಾಕ್ ಕೂಡ ಕಡಿಮೆ. ತೆಳು ಗಾಳಿಯಲ್ಲಿ ಉರಿಯೂ ನಿಧಾನವಾಗುವುದರಿಂದ ಎಂಜಿನ್ ಸ್ವಲ್ಪ ಹೆಚ್ಚು ಅಡ್ವಾನ್ಸ್ ಕೇಳುತ್ತದೆ. ಇಲ್ಲಿನ ಡೈನೋ ಮೇಲೆ ಕೊನೆಯ ಡಿಗ್ರಿ ತನಕ ಹಿಂಡಿದ ಟೈಮಿಂಗ್ ಇಟ್ಟುಕೊಂಡು ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಇಳಿದರೆ, ಅಲ್ಲಿ ದಟ್ಟ ಗಾಳಿ, ಮೇಲೆ ಬಿಸಿಲು. ಎರಡೂ ಸೇರಿ ನಾಕ್ ಗಡಿಯನ್ನು ಹತ್ತಿರಕ್ಕೆ ಎಳೆಯುತ್ತವೆ.

ಹಾಗಾಗಿ ಚೆನ್ನೈಗೆ ಹೊರಡುವ ಮೊದಲು ಟೋಟಲ್ 2 ಡಿಗ್ರಿ ಇಳಿಸಿ. ದಟ್ಟ ಗಾಳಿಗೆ ಮಿಶ್ರಣ ಲೀನ್ ಆಗುವುದರಿಂದ ಜೆಟ್ ಕೂಡ ಒಂದು ಹೆಜ್ಜೆ ದೊಡ್ಡದು ತೆಗೆದುಕೊಂಡು ಹೋಗಿ. ಮೊದಲ ಪ್ರಾಕ್ಟೀಸ್ ಆದ ಮೇಲೆ ಪ್ಲಗ್ ಓದಿ, ಬೇಕಿದ್ದರೆ ಒಂದೊಂದೇ ಡಿಗ್ರಿ ವಾಪಸ್ ಕೊಡಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಎತ್ತರದಲ್ಲಿ ಇವೆರಡರ ನಡುವೆ ಬರುತ್ತದೆ. ಅಲ್ಲಿಗೂ 1 ಡಿಗ್ರಿ ಇಳಿಸಿಯೇ ಶುರು ಮಾಡಿ. ಮಧ್ಯಾಹ್ನದ ರೇಸ್‌ಗೆ ಬೆಳಗಿನ ತಂಪಿನಲ್ಲಿ ಇಟ್ಟ ಟೈಮಿಂಗ್ ನಂಬಬೇಡಿ.

ಇಸಿಯು ಇರುವ ಗಾಡಿಯಾದರೆ

ತತ್ವ ಒಂದೇ, ಕೈ ಹಾಕುವ ಜಾಗ ಬೇರೆ. ಮೊದಲು ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಲೈಟಿನಲ್ಲೂ 10 ಕಾಣುತ್ತದೆಯೇ ನೋಡಿ. ಇಲ್ಲದಿದ್ದರೆ ಟ್ರಿಗರ್ ಆಫ್‌ಸೆಟ್ (ಕ್ರ್ಯಾಂಕ್ ಸೆನ್ಸರ್ ಗುರುತಿಗೂ ಟಿಡಿಸಿಗೂ ಇರುವ ಅಂತರ) ಸರಿಪಡಿಸಿ. ಪರದೆಯ ಮೇಲಿನ ಅಂಕಿ ಮತ್ತು ಪುಲ್ಲಿಯ ಅಂಕಿ ಬೇರೆ ಬೇರೆ ಇದ್ದರೆ ಮ್ಯಾಪ್ (ಆರ್‌ಪಿಎಂ, ಲೋಡ್‌ಗೆ ತಕ್ಕ ಟೈಮಿಂಗ್ ಪಟ್ಟಿ) ಎಲ್ಲವೂ ಸುಳ್ಳು.

ಇಡೀ ಮ್ಯಾಪಿಗೆ ಒಂದೇ ಸಲ 3 ಡಿಗ್ರಿ ಸೇರಿಸುವುದು ಸೋಮಾರಿ ಕೆಲಸ. ಐಡಲ್, ಕ್ರೂಸ್ ಭಾಗಗಳಲ್ಲಿ ನಾಕ್ ಗಡಿ ಮೊದಲೇ ದೂರ ಇರುತ್ತದೆ, ಅಲ್ಲಿ ಹೊಸ ಪೆಟ್ರೋಲ್‌ನಿಂದ ಏನೂ ಬದಲಾಗುವುದಿಲ್ಲ. ಲಾಭ ಇರುವುದು ಫುಲ್ ಲೋಡ್‌ನಲ್ಲಿ, ಅದರಲ್ಲೂ ಗರಿಷ್ಠ ಟಾರ್ಕಿನ ಆಸುಪಾಸಿನ ಸೆಲ್‌ಗಳಲ್ಲಿ. ಸಿಲಿಂಡರ್ ಅತಿ ಹೆಚ್ಚು ತುಂಬುವುದು ಅಲ್ಲೇ, ನಾಕ್ ಮೊದಲು ಕಾಡುವುದೂ ಅಲ್ಲೇ. ಅಲ್ಲಿ ಒಂದೊಂದೇ ಡಿಗ್ರಿ ಕೊಟ್ಟು ನೋಡಿ. ನಾಕ್ ಸೆನ್ಸರ್ ಹಳೆಯ ಪೆಟ್ರೋಲ್‌ನಲ್ಲಿ ಕಲಿತ ತಿದ್ದುಪಡಿಯನ್ನು ಮೊದಲು ಅಳಿಸಿ. ಗಾಳಿಯ ಬಿಸಿ ಏರಿದಂತೆ ಟೈಮಿಂಗ್ ಇಳಿಸುವ ಟೇಬಲ್ ಖಾಲಿ ಬಿಟ್ಟಿದ್ದರೆ ಅದನ್ನೂ ತುಂಬಿ.

ಎರಡು ಪೆಟ್ರೋಲ್‌ಗೆ ಎರಡು ಮ್ಯಾಪ್ ಇಡುವವರು ಸ್ವಿಚ್‌ನ ಪಕ್ಕ ದೊಡ್ಡದಾಗಿ ಬರೆದಿಡಿ. ಡಿಸ್ಟ್ರಿಬ್ಯೂಟರ್ ಗಾಡಿಯವರು ಬಾಡಿಯ ಮೇಲೆ ಎರಡು ಬಣ್ಣದ ಗುರುತು ಹಾಕಿಕೊಳ್ಳಿ, ಒಂದು ಪಂಪ್ ಪೆಟ್ರೋಲ್‌ಗೆ, ಒಂದು ರೇಸ್‌ಗೆ. ಉಳಿದ ರೇಸಿಂಗ್ ಪೆಟ್ರೋಲನ್ನು ಮುಚ್ಚಳ ಬಿಗಿಯಾಗಿರುವ ಲೋಹದ ಕ್ಯಾನ್‌ನಲ್ಲಿ ನೆರಳಲ್ಲಿಡಿ. ತೆರೆದಿಟ್ಟರೆ ಹಗುರವಾದ ಅಂಶಗಳು ಹಾರಿಹೋಗಿ, ಅದು ನೀವು ಟ್ಯೂನ್ ಮಾಡಿದ ಪೆಟ್ರೋಲ್ ಆಗಿ ಉಳಿಯುವುದಿಲ್ಲ. ರೇಸ್ ಮುಗಿಸಿ ಮಾಮೂಲಿ ಪೆಟ್ರೋಲ್‌ಗೆ ಮರಳುವಾಗ ಟೈಮಿಂಗ್ ಮತ್ತು ಜೆಟ್ ಎರಡನ್ನೂ ವಾಪಸ್ ಇಟ್ಟು, ಲೈಟಿನಲ್ಲಿ ನೋಡಿದ ಮೇಲೆಯೇ ಪಂಪ್‌ಗೆ ಹೋಗಿ.